ಬಾಡಿಗೆಯ ಮನೆಯಲ್ಲಿ ರೈಲುದಾರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಬಾಡಿಗೆಯ ಮನೆ ಬಿಟ್ಟು ನೋಡು ಎಂದು ಮೂರನೆಯದೊಂದನ್ನು ಸೇರಿಸಲಿಲ್ಲ. ಅವರ ಕಾಲಕ್ಕೆ ಆ ಅನುಭವ ಎಲ್ಲರ ಪಾಲಿಗೂ ಬಂದಿರಲಿಲ್ಲವೆಂದು ತೋರುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಬಾಳುವೆ ಮಾಡುವವನಿಗೆ ಅದು ಮದುವೆಗಿಂತ ಹೆಚ್ಚು ಸಲ ಒದಗುವ ಪ್ರಸಂಗ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷವನ್ನು ಮೀರಿದ ಬಾಡಿಗೆಯ ಕರಾರನ್ನು ನೋಂದಾಯಿಸಬೇಕು. ಆ ತೊಡಕು ಬೇಡವೆಂದು ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಹೀಗಾಗಿ ಬಾಡಿಗೆದಾರನ ವರ್ಷದಲ್ಲಿ ತಿಂಗಳುಗಳು ಹನ್ನೊಂದೇ. ಹನ್ನೆರಡನೆಯದನ್ನು ಮನೆಯ ಯಜಮಾನರ ಮುಖ ನೋಡಿ ತಿಳಿದುಕೊಳ್ಳಬೇಕು.

ಇಂಥ ಮನೆಯಲ್ಲಿರುವವನು ಅಂಚೆಚೀಟಿಗಳನ್ನು ಕೂಡಿಡಬಹುದು, ಪುಸ್ತಕಗಳನ್ನು ಶೇಖರಿಸಬಹುದು, ನೆರೆಯವರು ಸಹೃದಯರಾಗಿದ್ದರೆ ಪಿಟೀಲನ್ನೂ ಅಭ್ಯಾಸ ಮಾಡಬಹುದು. ಅವನು ಇಟ್ಟುಕೊಳ್ಳಬಾರದ ಹವ್ಯಾಸ ಯಾವುದೆಂದು ನನ್ನನ್ನು ಕೇಳಿದರೆ, ರೈಲು ಕಟ್ಟುವ ಹವ್ಯಾಸ ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದೆ. ಹಾಗೆ ಹೇಳುತ್ತಿದ್ದಾಗಲೂ ಆ ಹವ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ಅರಸೀಕೆರೆಯ ಜಂಕ್ಷನ್ನಿನ ಮಗ್ಗುಲಲ್ಲಿ ಬೆಳೆದವನು ನಾನು. ರಾತ್ರಿ ನಿದ್ದೆಯ ನಡುವೆ ಮೀಟರ್ ಗೇಜಿನ ಗೂಡ್ಸ್ ಗಾಡಿಗಳು ಒಂದಕ್ಕೊಂದು ತಾಕಿ, ಆ ಸದ್ದು ಎಂಜಿನ್ನಿನಿಂದ ಕೊನೆಯ ಬಂಡಿಯವರೆಗೆ ಸಾಲುಸಾಲಾಗಿ ಓಡಿಹೋಗುವುದನ್ನು ಕೇಳಿದ ಕಿವಿ ಇದು. ಬೆಂಗಳೂರಿಗೆ ಬಂದು ಮೇಷ್ಟರ ಕೆಲಸ ಹಿಡಿದು, ಬಾಡಿಗೆಯ ಮನೆಗಳಲ್ಲಿ ಸಂಸಾರ ಹೂಡಿದ ಮೇಲೂ ಆ ಸದ್ದು ಒಳಗೆಲ್ಲೋ ಉಳಿದಿತ್ತು.

ಪುಟ್ಟ ರೈಲೆಂದ ಕೂಡಲೆ ಕೀಲಿ ಕೊಟ್ಟರೆ ಸುತ್ತುವ ಆಟಿಕೆ ನೆನಪಿಗೆ ಬರುವುದು ಸಹಜ. ನಾನು ಹೇಳುತ್ತಿರುವುದು ಅದನ್ನಲ್ಲ. ಈ ಹವ್ಯಾಸದಲ್ಲಿ ಪ್ರತಿಯೊಂದಕ್ಕೂ ಅಳತೆಯುಂಟು. ಎಂಜಿನ್ನು, ಗಾಡಿ, ನಿಲ್ದಾಣ, ಕೈಕಂಬ, ಬುಟ್ಟಿ ಹೊತ್ತು ನಿಂತ ಹೆಂಗಸು ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಬೇಕು. ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 87ಕ್ಕೆ ಒಂದು. ಇದಕ್ಕೆ ‘ಎಚ್‌ಓ’ ಎಂದು ಹೆಸರು. ಇದರ ಎರಡು ಹಳಿಗಳ ನಡುವಣ ಅಂತರ 16.5 ಮಿಲಿಮೀಟರು. ಗಾಡಿಗಳು ಹಳಿಗಳಿಂದಲೇ ವಿದ್ಯುತ್ತನ್ನು ಪಡೆಯುತ್ತವೆ. ಅದು ಹನ್ನೆರಡು ವೋಲ್ಟಿನ ಆಸುಪಾಸಿನದು; ಮಕ್ಕಳು ಮುಟ್ಟಿದರೂ ಅಪಾಯವಿಲ್ಲ.

ಕುಗ್ಗಿಸಿದ ಮೇಲೆ ಜಾಗದ ಚಿಂತೆ ಏಕೆ ಎಂದರೆ, ಲೆಕ್ಕ ಹಾಕಿ ನೋಡಬೇಕು. ಬೆಂಗಳೂರಿನಿಂದ ಮೈಸೂರಿಗೆ ರೈಲಿನ ದಾರಿ ಸುಮಾರು 138 ಕಿಲೋಮೀಟರು. ಅದನ್ನು 87ರಿಂದ ಭಾಗಿಸಿದರೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚೇ ಉಳಿಯುತ್ತದೆ. ಅಷ್ಟುದ್ದದ ಹಜಾರ ಅರಮನೆಯಲ್ಲಿಯೂ ಇಲ್ಲ. ನಮ್ಮ ಹಳೆಯ ಮಾದರಿಯ ನೀಲಿ ಬೋಗಿಯ ಉದ್ದ 22 ಮೀಟರಿಗಿಂತ ತುಸು ಹೆಚ್ಚು. ಅಂಥ ಇಪ್ಪತ್ತು ಬೋಗಿಗಳ ರೈಲು ಈ ಪ್ರಮಾಣದಲ್ಲಿ ಸುಮಾರು ಹದಿನೇಳು ಅಡಿ ಆಗುತ್ತದೆ. ಹತ್ತಡಿಯ ಕೋಣೆಯಲ್ಲಿ ಅದು ನಿಲ್ಲುವುದಕ್ಕೂ ಸ್ಥಳವಿಲ್ಲ. ಓಡುವ ಮಾತು ದೂರ. ಆದ್ದರಿಂದ ಸ್ವಂತ ಮನೆಯುಳ್ಳವನೇ ಆಗಲಿ, ರೈಲು ಕಟ್ಟುವವನು ಬಿಡುವುದನ್ನು ಮೊದಲು ಕಲಿಯಬೇಕು. ಬಾಡಿಗೆದಾರ ಸ್ವಲ್ಪ ಹೆಚ್ಚಾಗಿ ಬಿಡಬೇಕು, ಅಷ್ಟೆ. ಈ ತತ್ತ್ವ ನನಗೆ ತಿಳಿದದ್ದು ತಡವಾಗಿ, ಅದೂ ಒಂದು ಗರಗಸದ ಮೂಲಕ.

ಆಗ ನಾವಿದ್ದುದು ಒಂದು ಮಹಡಿಯ ಮನೆಯಲ್ಲಿ. ಎರಡು ಕೋಣೆ, ಒಂದು ನಡುಮನೆ, ಅಡಿಗೆಯ ಮನೆ, ಹೊರಗಡೆ ಕಿರಿದಾದ ಮೆಟ್ಟಿಲು. ಅಲ್ಲಿ ಬಹುಕಾಲ ಇರುತ್ತೇವೆಂದು ನನಗೇಕೆ ಅನ್ನಿಸಿತೋ ತಿಳಿಯದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಇಡೀ ಪ್ಲೈವುಡ್ ಹಲಗೆಯನ್ನು ಕೊಂಡು ತಂದೆ. ಅಂಗಡಿಯ ಹುಡುಗರು ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು, ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿಕೊಂಡು ಮೇಲಕ್ಕೆ ತಂದರು. ಒಂದು ಕೋಣೆಯ ಮುಕ್ಕಾಲು ಪಾಲನ್ನು ಅದು ಆಕ್ರಮಿಸಿತು. ಮೂರು ವರ್ಷ ದುಡಿದೆ. ಅಂಡಾಕಾರದ ದಾರಿ, ಒಂದು ಮೂಲೆಯಲ್ಲಿ ತಂತಿಯ ಬಲೆಯ ಮೇಲೆ ಪ್ಲಾಸ್ಟರು ಬಳಿದು ಮಾಡಿದ ಬೆಟ್ಟ, ಬೆಟ್ಟದಲ್ಲೊಂದು ಸುರಂಗ, ತೆಂಗಿನ ತೋಟ, ಸಂತೆಯ ಮಾಳ, ನಲವತ್ತು ಮಂದಿಯ ಒಂದು ಪುಟ್ಟ ಊರು. ಗೋಡೆಗೆ ನಾಲ್ಕು ಮೊಳೆ ಹೊಡೆದು ಹಿಂಬದಿಗೆ ಆಕಾಶದ ಚಿತ್ರವೊಂದನ್ನೂ ತೂಗುಹಾಕಿದೆ. ಹಳಿ, ಎಂಜಿನ್ನುಗಳೆಲ್ಲ ಪರದೇಶದಿಂದ ಬರಬೇಕಾದ ಸರಕು. ಒಂದೊಂದಕ್ಕೂ ಒಂದೊಂದು ತಿಂಗಳ ಉಳಿತಾಯ ವ್ಯಯವಾಯಿತು.

ಮೂರನೆಯ ವರ್ಷದ ಕೊನೆಗೆ ಯಜಮಾನರು ಮೇಲಕ್ಕೆ ಬಂದು, ಕಾಫಿ ಕುಡಿದು, “ಮೇಷ್ಟ್ರೆ, ಮಗಳು ಅಳಿಯ ಊರಿಗೆ ಬರ್ತಿದಾರೆ, ಮನೆ ಬೇಕಾಗತ್ತೆ” ಎಂದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಎರಡು ತಿಂಗಳ ಅವಕಾಶವನ್ನೂ ಕೊಟ್ಟರು. ಸಾಮಾನು ಸಾಗಿಸುವ ದಿನ ಬಂದಾಗ ನನಗೆ ಹೊಳೆದದ್ದು ಇಷ್ಟು: ಬರಿಯ ಹಲಗೆಯಾಗಿ ಮೇಲೆ ಬಂದದ್ದು ಈಗ ಬರಿಯ ಹಲಗೆಯಾಗಿರಲಿಲ್ಲ. ಅದರ ಮೇಲೆ ಎರಡಡಿ ಎತ್ತರದ ಬೆಟ್ಟವಿತ್ತು. ಓರೆ ಮಾಡಿದರೆ ಬೆಟ್ಟ ಬಾಗಿಲ ಚೌಕಟ್ಟಿಗೆ ತಾಕುತ್ತಿತ್ತು. ನೆಟ್ಟಗೆ ಹಿಡಿದರೆ ಮೆಟ್ಟಿಲ ತಿರುವು ದಾಟುತ್ತಿರಲಿಲ್ಲ. ಕೂಲಿಯಾಳುಗಳು ಎರಡು ಬಾರಿ ಪ್ರಯತ್ನ ಮಾಡಿ ಕೆಳಗಿಟ್ಟರು. ಕೆಳಗೆ ಟೆಂಪೋದವನು ಹಾರನ್ನು ಮಾಡುತ್ತಿದ್ದ. ಎದುರು ಮನೆಯಿಂದ ಗರಗಸ ತಂದು ಹಲಗೆಯನ್ನು ನಾಲ್ಕು ತುಂಡು ಮಾಡಿಸಿದೆ. ಬೆಟ್ಟ ಸುರಂಗದ ಬಳಿ ಬಾಯಿಬಿಟ್ಟು ಒಡೆಯಿತು. ಎಂಟು ವರ್ಷದ ನನ್ನ ಮಗ ಮೂಲೆಯಲ್ಲಿ ನಿಂತು ನೋಡುತ್ತಿದ್ದವನು, ಗರಗಸದ ಸದ್ದು ನಿಂತ ಮೇಲೆ, “ಅಪ್ಪಾ, ಆ ಊರಿನೋರು ಎಲ್ಲಿಗೆ ಹೋಗ್ತಾರೆ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ಮೊಳೆಯ ತೂತುಗಳಿಗೆ ಮುಂಗಡದಲ್ಲಿ ಸುಣ್ಣಬಣ್ಣದ ಹಣ ಕಳೆದದ್ದು ಆ ದಿನದ ಸಣ್ಣ ನಷ್ಟ.

ಹೊಸ ಮನೆಯಲ್ಲಿ ಕೆಲವು ತಿಂಗಳು ರೈಲಿನ ಮಾತು ಯಾರೂ ಎತ್ತಲಿಲ್ಲ. ನವರಾತ್ರಿ ಬಂತು. ನನ್ನಾಕೆ ಅಟ್ಟದ ಮೇಲಿಂದ ತಗಡಿನ ಟ್ರಂಕನ್ನು ಇಳಿಸಿಕೊಂಡು, ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಒಂದೊಂದಾಗಿ ಬಿಚ್ಚಿದಳು. ತವರಿನಿಂದ ಬಂದ ಪಟ್ಟದ ಗೊಂಬೆಗಳು, ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಮಣ್ಣಿನ ಶೆಟ್ಟಿ-ಶೆಟ್ಟಿತಿ, ದಸರಾ ಮೆರವಣಿಗೆಯ ಆನೆ ಕುದುರೆಗಳು. ಪುಸ್ತಕದ ಪೆಟ್ಟಿಗೆ, ಸ್ಟೂಲು, ಹಲಗೆಗಳನ್ನು ಜೋಡಿಸಿ ಮೆಟ್ಟಿಲು ಮಾಡಿ, ಮೇಲೆ ಬಿಳಿಯ ಬಟ್ಟೆ ಹಾಸಿ ಗೊಂಬೆ ಕೂರಿಸಿದಳು. ಕೆಳಗಿನ ಮೆಟ್ಟಿಲಲ್ಲಿ ರಾಗಿಯ ಪೈರು ಬೆಳೆಸಿ ಒಂದು ತೋಟ. ಕನ್ನಡಿಯ ಚೂರು ಇಟ್ಟು ಒಂದು ಕೆರೆ. ವಿಜಯದಶಮಿ ಕಳೆದ ಮೇಲೆ ಎಲ್ಲವೂ ಮತ್ತೆ ಟ್ರಂಕಿಗೆ. ಪಂಚೆಯ ತುಂಡುಗಳನ್ನು ಮಡಚುತ್ತ ಆಕೆ, ನನ್ನ ಕಡೆ ನೋಡದೆಯೇ, “ನೋಡಿ, ನನ್ನ ಗೊಂಬೆಗಳು ಐದು ಮನೆ ಕಂಡಿವೆ. ಒಂದರ ಮೂಗೂ ಮುಕ್ಕಾಗಿಲ್ಲ. ನಿಮ್ಮ ಬೆಟ್ಟ ಒಂದೇ ಮನೆಗೆ ಸತ್ತಿತು” ಎಂದಳು.

ಆ ಮಾತು ನನ್ನನ್ನು ನಾಟಿತು. ನಮ್ಮ ಹೆಂಗಸರು ಎಷ್ಟೋ ತಲೆಮಾರುಗಳಿಂದ ವಠಾರಗಳ ಒಂದೊಂದು ಕೋಣೆಯಲ್ಲಿ ಕೂತುಕೊಂಡು ಬಿಡಿಸಿದ ಸಮಸ್ಯೆಯನ್ನೇ ನಾನು ಪ್ಲೈವುಡ್ಡಿನ ಮುಂದೆ ಕೂತು ಸೋತಿದ್ದೆ. ಊರು, ಕೆರೆ, ತೋಟ, ಅರಮನೆ ಎಲ್ಲವನ್ನೂ ಮಾಡಬಹುದು. ಆದರೆ ಎತ್ತಿಡುವುದು ಹೇಗೆಂಬುದನ್ನು ಕೂರಿಸುವ ಮೊದಲೇ ತಿಳಿದಿರಬೇಕು. ಟ್ರಂಕು ಮೊದಲು, ಗೊಂಬೆ ಆಮೇಲೆ.

ಆ ಬಳಿಕ ನಾನು ಈ ಹವ್ಯಾಸದ ಚರಿತ್ರೆಯನ್ನು ಬೇರೆಯ ಕಣ್ಣಿನಿಂದ ಓದತೊಡಗಿದೆ. ಅದರಲ್ಲಿ ನನ್ನಂಥವರೇ ತುಂಬಿದ್ದಾರೆಂಬುದನ್ನು ಕಂಡು ಸಮಾಧಾನವೂ ಆಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಜಾಗವಿಲ್ಲದವರು, ಸ್ವಂತದ ಸೂರಿಲ್ಲದವರು ಈ ಕಲೆಗೆ ಕೊಟ್ಟ ಕಾಣಿಕೆ ದೊಡ್ಡದು. ಅವರು ಹಿಡಿದ ದಾರಿಗಳನ್ನು ಮೂರಾಗಿ ವಿಂಗಡಿಸಬಹುದು: ಕುಗ್ಗಿಸುವುದು, ಮರೆಮಾಡುವುದು, ಕೂಡಿಸುವುದು.

ಕುಗ್ಗಿಸುವ ದಾರಿಯಲ್ಲಿ ಬಹಳ ಮುಂದೆ ಹೋದವರಲ್ಲಿ ಜಪಾನಿನವರು ಮುಖ್ಯರು. 1960ರ ದಶಕದ ಆರಂಭದಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಆರ್ನೊಲ್ಡ್ ಎಂಬ ಕಾರ್ಖಾನೆಯವರು ಹಳಿಗಳ ನಡುವಣ ಅಂತರವನ್ನು ಒಂಬತ್ತು ಮಿಲಿಮೀಟರಿಗೆ ಇಳಿಸಿದ ರೈಲುಗಳನ್ನು ತಂದರು. ಇದಕ್ಕೆ ‘ಎನ್’ ಎಂದು ಹೆಸರಾಯಿತು. ಇಂಗ್ಲಿಷಿನ ನೈನ್, ಜರ್ಮನಿನ ನೊಯ್ನ್ ಎರಡಕ್ಕೂ ಆ ಅಕ್ಷರವೇ ಮೊದಲು. ಸಂಸ್ಕೃತದ ನವಕ್ಕೂ ‘ನ’ಕಾರವೇ ಮೊದಲೆಂಬುದನ್ನು ನಾವು ಸೇರಿಸಿಕೊಳ್ಳಬಹುದು. 1965ರಲ್ಲಿ ಜಪಾನಿನ ಕಾಟೊ ಸಂಸ್ಥೆ ಸಿ50 ಎಂಬ ಉಗಿ ಎಂಜಿನ್ನನ್ನು ಈ ಅಳತೆಯಲ್ಲಿ ಮಾಡಿತು. ಇಕ್ಕಟ್ಟಾದ ಮನೆಗಳ ಆ ದೇಶದಲ್ಲಿ ಅಲ್ಲಿಂದ ಮುಂದೆ ಎನ್ ಅಳತೆಯೇ ಮೇಲುಗೈ ಪಡೆಯಿತು. ಅಲ್ಲಿಯ ಎಷ್ಟೋ ಹವ್ಯಾಸಿಗಳಿಗೆ ಖಾಯಂ ಆದ ಹಲಗೆಯೇ ಇಲ್ಲ. ಜಲ್ಲಿಯ ದಿಬ್ಬದ ಸಮೇತ ಅಚ್ಚು ಹಾಕಿದ ಹಳಿಯ ತುಂಡುಗಳನ್ನು ತಾತಾಮಿ ಚಾಪೆಯ ಮೇಲೆ ಒಂದಕ್ಕೊಂದು ಸಿಕ್ಕಿಸಿ, ಸಂಜೆಯೆಲ್ಲ ಗಾಡಿ ಓಡಿಸಿ, ಮಲಗುವ ಹೊತ್ತಿಗೆ ಬಿಚ್ಚಿ ಡಬ್ಬಿಗೆ ತುಂಬುತ್ತಾರೆ. ಅದೇ ಚಾಪೆಯ ಮೇಲೆ ಹಾಸಿಗೆ ಬಿಚ್ಚಬೇಕಲ್ಲವೆ? ಅಷ್ಟಕ್ಕೂ ಜಾಗವಿಲ್ಲದವನಿಗೆ ಊರಿನಲ್ಲಿ ಅಂಗಡಿಗಳುಂಟು. ಅಲ್ಲಿ ದೊಡ್ಡದೊಂದು ರೈಲುದಾರಿಯನ್ನು ಕಟ್ಟಿಟ್ಟಿರುತ್ತಾರೆ. ಗಂಟೆಗೆ ಇಷ್ಟೆಂದು ಹಣ ಕೊಟ್ಟು ನಮ್ಮ ಗಾಡಿಯನ್ನು ಅದರ ಮೇಲೆ ಓಡಿಸಿಕೊಂಡು ಬರಬಹುದು. ಮನೆ ಬಾಡಿಗೆ, ರೈಲುದಾರಿಯೂ ಬಾಡಿಗೆ. ಗಾಡಿ ಮಾತ್ರ ಸ್ವಂತ. ಈ ಏರ್ಪಾಡಿನ ನೇರವಾದ ಬುದ್ಧಿ ನನಗೆ ಬಹಳ ಹಿಡಿಸಿತು.

ಕುಗ್ಗಿಸುವ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1972ರಲ್ಲಿ 220ಕ್ಕೆ ಒಂದರ ‘ಝೆಡ್’ ಅಳತೆಯನ್ನು ಹೊರತಂದಿತು. ಈ ಶತಮಾನದ ಮೊದಲ ದಶಕದಲ್ಲಿ ಜಪಾನಿನವರು 450ಕ್ಕೆ ಒಂದರ ‘ಟಿ’ ಅಳತೆಯವರೆಗೆ ಹೋದರು. ಅದರ ಹಳಿಗಳ ಅಂತರ ಮೂರೇ ಮಿಲಿಮೀಟರು. ಮೇಲೆ ಹೇಳಿದ ಇಪ್ಪತ್ತು ಬೋಗಿಯ ರೈಲು ಎನ್ ಅಳತೆಯಲ್ಲಿ ಒಂಬತ್ತಡಿ, ಝೆಡ್‌ನಲ್ಲಿ ಆರೂವರೆ ಅಡಿಗಿಂತ ತುಸು ಹೆಚ್ಚು, ಟಿಯಲ್ಲಿ ಮೂರೂಕಾಲು ಅಡಿ. ಕಿಟಕಿಯ ಕಟ್ಟೆಯ ಮೇಲೆಯೇ ಅದನ್ನು ನಿಲ್ಲಿಸಬಹುದು. ಆದರೆ ಬರಬರುತ್ತ ಕಣ್ಣು ಸೋಲುತ್ತದೆ, ಬೆರಳು ನಡುಗುತ್ತದೆ. ಒಂದು ಕಣ ಧೂಳು ಬಂಡೆಯಂತೆ ದಾರಿಗೆ ಅಡ್ಡ ಬರುತ್ತದೆ. ನನ್ನ ವಯಸ್ಸಿಗೆ ಒಂಬತ್ತು ಮಿಲಿಮೀಟರೇ ಮೇರೆ.

ಎರಡನೆಯದು ಮರೆಮಾಡುವ ದಾರಿ. ಇದು ಇಂಗ್ಲೆಂಡಿನವರ ಕೈಯಲ್ಲಿ ಪಳಗಿತು. ಸಿರಿಲ್ ಫ್ರೀಜರ್ ಎಂಬ ಸಂಪಾದಕರು 1957ರಲ್ಲಿ ‘ರೈಲ್ವೆ ಮಾಡೆಲರ್’ ಪತ್ರಿಕೆಯಲ್ಲಿ ‘ಮಿನರೀಸ್’ ಎಂಬ ನಕ್ಷೆಯೊಂದನ್ನು ಪ್ರಕಟಿಸಿದರು. ಲಂಡನ್ನಿನ ಬೀದಿಯೊಂದರ ಹೆಸರು ಅದು. ಮಹಾನಗರದ ಗಡಿಬಿಡಿಯ ಕೊನೆಯ ನಿಲ್ದಾಣವೊಂದನ್ನು ಆರೂವರೆ ಅಡಿಗಿಂತ ತುಸು ಹೆಚ್ಚಿನ ಉದ್ದ, ಒಂದಡಿಗಿಂತ ಕಡಿಮೆ ಅಗಲದ ಹಲಗೆಯಲ್ಲಿ ಅವರು ಅಡಕ ಮಾಡಿದರು. ನಡುವೆ ಕೀಲಿಟ್ಟು ಪುಸ್ತಕದಂತೆ ಮಡಚಬಹುದಾದ ಹಲಗೆ. ಆ ನಕ್ಷೆಯನ್ನು ಅನುಸರಿಸಿ ಇಂದಿಗೂ ಜನ ರೈಲು ಕಟ್ಟುತ್ತಿದ್ದಾರೆ. ಅದರ ಗುಟ್ಟು ನಿಲ್ದಾಣದಲ್ಲಿ ಮಾತ್ರವಿಲ್ಲ, ನಿಲ್ದಾಣದಾಚೆಗೂ ಇದೆ. ಇಂಥ ರೈಲುದಾರಿಯ ಒಂದು ತುದಿಯಲ್ಲಿ ಸೇತುವೆಯೋ ಗೋಡೆಯೋ ಅಡ್ಡವಿರುತ್ತದೆ. ಅದರ ಹಿಂದೆ, ನೋಡುವವರಿಗೆ ಕಾಣದಂತೆ, ಬರಿಯ ಹಳಿಗಳ ಒಂದು ಸಣ್ಣ ಹಲಗೆ. ಹೊರಟ ಗಾಡಿ ಅಲ್ಲಿಗೆ ಹೋಗಿ ನಿಲ್ಲುತ್ತದೆ; ಕೈಯಿಂದ ತಿರುಗಿಸಿಟ್ಟರೆ ಅದೇ ಗಾಡಿ ಬೇರೆಯ ಊರಿನಿಂದ ಬಂದ ಗಾಡಿಯಾಗಿ ಹಿಂದಿರುಗುತ್ತದೆ. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಂಗಸ್ಥಳ ಇರುವುದು ಕೆಲವೇ ಅಡಿ. ಅಯೋಧ್ಯೆಯೂ ಲಂಕೆಯೂ ಅಷ್ಟರಲ್ಲೇ ಆಗಬೇಕು. ಮಿಕ್ಕ ಲೋಕವೆಲ್ಲ ಚೌಕಿಯಲ್ಲಿದೆ. ವೇಷ ಬದಲಾಯಿಸಿದವನು ಬೇರೆ ದೇಶದಿಂದ ಬಂದವನೆಂದು ನಾವು ನಂಬುತ್ತೇವೆ. ನನ್ನ ರೈಲಿಗೂ ಒಂದು ಚೌಕಿ ಇದ್ದರೆ ಸಾಕು, ಬೆಟ್ಟ ಬೇಕಾಗಿಲ್ಲ.

ಇದಕ್ಕಿಂತಲೂ ಚಿಕ್ಕದಾದ ಮತ್ತೊಂದು ನಕ್ಷೆಯುಂಟು. ಅಲನ್ ರೈಟ್ ಎಂಬ ಇಂಗ್ಲಿಷ್ ಹವ್ಯಾಸಿಯದು. ‘ಇಂಗಲ್‌ನುಕ್’ ಎಂದು ಅದರ ಹೆಸರು. ಅಲ್ಲಿ ಪ್ರಯಾಣಿಕರಿಲ್ಲ, ಸುತ್ತುವ ದಾರಿಯಿಲ್ಲ. ಮೂರು ಸೈಡಿಂಗು, ಎರಡು ಪಾಯಿಂಟು, ಒಂದು ಎಂಜಿನ್ನು, ಎಂಟು ಗೂಡ್ಸ್ ಬಂಡಿ. ಒಂದು ಸೈಡಿಂಗಿನಲ್ಲಿ ಐದು ಬಂಡಿ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಷಂಟಿಂಗಿನ ತುದಿಯಲ್ಲಿ ಎಂಜಿನ್ನಿನ ಜೊತೆಗೆ ಮೂರು. ಎಂಟು ಚೀಟಿಗಳಲ್ಲಿ ಐದನ್ನು ಎತ್ತಬೇಕು. ಎತ್ತಿದ ಕ್ರಮದಲ್ಲಿಯೇ ಐದು ಬಂಡಿಗಳ ರೈಲನ್ನು ಕಟ್ಟಬೇಕು. ನಿಯಮ ಇಷ್ಟೇ. ಗಣಿತದ ವಿದ್ಯಾರ್ಥಿಗಳು ಕೂಡಲೆ ಲೆಕ್ಕ ಹಾಕಿಯಾರು: ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸುವುದಕ್ಕೆ 8×7×6×5×4, ಅಂದರೆ 6720 ರೀತಿಗಳು. ದಿನಕ್ಕೊಂದರಂತೆ ಎಲ್ಲವನ್ನೂ ಕಟ್ಟಿ ಮುಗಿಸಲು ಹದಿನೆಂಟು ವರ್ಷಗಳಿಗೆ ಮೇಲೆ ಬೇಕು. ಹನ್ನೊಂದು ತಿಂಗಳ ಕರಾರಿನ ಲೆಕ್ಕದಲ್ಲಿ ಹೇಳುವುದಾದರೆ ಇಪ್ಪತ್ತು ಕರಾರು. ಒಂದು ಬೆಂಚಿನ ಅಗಲದ ಹಲಗೆ ಇಪ್ಪತ್ತು ಮನೆಗಳಿಗೆ ಸಾಕಾಗುವಷ್ಟು ಕೆಲಸವನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತಿಳಿದ ರಾತ್ರಿ ನಾನು ಮತ್ತೆ ಹಲಗೆ ಕೊಳ್ಳುವ ನಿರ್ಧಾರ ಮಾಡಿದೆ.

ಮೂರನೆಯದು ಕೂಡಿಸುವ ದಾರಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ಕೆಲವರು ಸೇರಿ ‘ಎನ್‌ಟ್ರಾಕ್’ ಎಂಬ ಕಟ್ಟಳೆಯನ್ನು ಗೊತ್ತುಮಾಡಿದರು. ಪ್ರತಿಯೊಬ್ಬನೂ ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆಯನ್ನು ಮಾಡಲಿ. ಅದರ ಮೇಲೆ ಏನನ್ನು ಬೇಕಾದರೂ ಕಟ್ಟಲಿ. ಆದರೆ ಎರಡು ತುದಿಗಳಲ್ಲಿ ಹಳಿಗಳು ಮಾತ್ರ ಗೊತ್ತಾದ ಜಾಗದಲ್ಲಿಯೇ ಇರಬೇಕು. ಹಬ್ಬಕ್ಕೋ ಮೇಳಕ್ಕೋ ಎಲ್ಲರೂ ತಮ್ಮ ತಮ್ಮ ಹಲಗೆಗಳನ್ನು ತಂದು ಜೋಡಿಸಿದರೆ, ಒಬ್ಬನ ಮರುಭೂಮಿ ಮತ್ತೊಬ್ಬನ ಕಾಡಿಗೆ ಸೇರಿ, ಯಾರ ಮನೆಯಲ್ಲಿಯೂ ಹಿಡಿಸದಷ್ಟು ದೊಡ್ಡ ರೈಲುದಾರಿ ಆ ಎರಡು ದಿನಗಳ ಮಟ್ಟಿಗೆ ಉಂಟಾಗುತ್ತದೆ. ತುದಿಗಳಲ್ಲಿ ನಿಯಮ, ನಡುವೆ ಸ್ವಾತಂತ್ರ್ಯ. ಮನೆಗಳಿಗೂ ಸಂಘಗಳಿಗೂ ಅನ್ವಯಿಸುವ ಮಾತೆಂದು ನನಗೆ ಅನ್ನಿಸಿದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಈಗ ನನ್ನ ಹಲಗೆಯ ವಿಚಾರ. ಉದ್ದ ನಾಲ್ಕಡಿ, ಅಗಲ ಒಂದಡಿ, ಎನ್ ಅಳತೆ. ಪ್ಲೈವುಡ್ಡಿಗೆ ಬದಲು ಗಟ್ಟಿಯಾದ ಫೋಮ್ ಹಲಗೆ, ಸುತ್ತ ತೆಳುವಾದ ಮರದ ಪಟ್ಟಿ. ಒಂದೇ ಕೈಯಲ್ಲಿ ಎತ್ತಬಹುದು. ಹಳಿಯ ಕೆಳಗೆ ಬಿರಡೆಯ ಮರದ ತೆಳುವಾದ ಹಾಸು. ಇಲ್ಲದಿದ್ದರೆ ಗಾಡಿಯ ಗುರುಗುರು ಹಲಗೆಯಲ್ಲಿ ತಮಟೆಯಂತೆ ಹೊಮ್ಮಿ ಕೆಳಗಿನ ಮನೆಯವರಿಗೆ ಕೇಳುತ್ತದೆ. ಗೋಡೆಗೆ ಒಂದು ಮೊಳೆಯೂ ಇಲ್ಲ. ಎರಡು ಪುಸ್ತಕದ ಬೀರುಗಳ ಮೇಲೆ ಹಲಗೆ ಕೂರುತ್ತದೆ. ನೆಂಟರು ಬಂದಾಗ ಮಂಚದ ಕೆಳಗೆ ಹೋಗುತ್ತದೆ. ಮೊದಲು ಮಾಡಿದ್ದು ಪೆಟ್ಟಿಗೆಯನ್ನು. ಹಲಗೆಯನ್ನು ಅದರ ಅಳತೆಗೆ ತಕ್ಕಂತೆ ಆಮೇಲೆ ಕೊಯಿಸಿದ್ದು. ಯಾವ ಮರವಾಗಲಿ ಕಟ್ಟಡವಾಗಲಿ ಪೆಟ್ಟಿಗೆಯ ಮುಚ್ಚಳಕ್ಕಿಂತ ಎತ್ತರ ಬೆಳೆಯುವ ಹಾಗಿಲ್ಲ. ವಿದ್ಯುತ್ತಿನ ತಂತಿಗಳೆಲ್ಲ ಒಂದು ತುದಿಯಲ್ಲಿ ಒಂದೇ ಪ್ಲಗ್ಗಿನಲ್ಲಿ ಸೇರುತ್ತವೆ. ವಾರಕ್ಕೊಮ್ಮೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿ ಒರಸಬೇಕು. ಬೆಂಗಳೂರಿನ ಧೂಳಿಗೆ ಅಷ್ಟು ಸೇವೆ ಸಲ್ಲಲೇಬೇಕು.

ಹಲಗೆಯ ಮೇಲಿರುವುದು ಒಂದು ಗೂಡ್ಸ್ ಷೆಡ್ಡು, ಒಂದು ನೀರಿನ ತೊಟ್ಟಿ, ಒಂದು ಹೊಂಗೆಯ ಮರ, ಕೊಬ್ಬರಿಯ ಚೀಲಗಳ ಒಂದು ರಾಶಿ. ಅರಸೀಕೆರೆಯೆಂದು ಹೇಳುವುದಿಲ್ಲ, ಅರಸೀಕೆರೆಯ ಯಾವುದೋ ಒಂದು ಮೂಲೆ. ಹಳೆಯ ಊರಿನ ನಲವತ್ತು ಮಂದಿಯಲ್ಲಿ ಯಾರನ್ನೂ ಇಲ್ಲಿಗೆ ಕರೆತರಲಾಗಲಿಲ್ಲ; ಅವರ ಅಳತೆ ದೊಡ್ಡದು. ಅವರು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದಾರೆ. ಮಗನ ಪ್ರಶ್ನೆಗೆ ಅದು ಉತ್ತರವಾಗುವುದಾದರೆ, ಬಹಳ ವರ್ಷ ತಡವಾದ ಉತ್ತರ.

ಕಳೆದುಕೊಂಡದ್ದೇನೂ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಉದ್ದವಾದ ರೈಲು ಬಳುಕುತ್ತ ತಿರುವಿನಲ್ಲಿ ತನ್ನ ಬಾಲವನ್ನು ತಾನೇ ನೋಡುವ ದೃಶ್ಯ ನನ್ನ ಹಲಗೆಯಲ್ಲಿ ಎಂದೂ ಸಾಧ್ಯವಿಲ್ಲ. ಸುರಂಗದಿಂದ ಎಂಜಿನ್ನು ಹೊರಬರುವ ಕ್ಷಣಕ್ಕಾಗಿ ಮಗುವಿನಂತೆ ಕಾಯುವ ಸುಖವೂ ಇಲ್ಲ. ಹತ್ತು ವರ್ಷ ಒಂದೇ ಬೆಟ್ಟವನ್ನು ತಿದ್ದುತ್ತ ಕೂಡುವ ಮನಸ್ಸಿಗೆ ಒಂದೇ ಗೋಡೆಯ ಭರವಸೆ ಬೇಕು. ಅಂಥವರ ಕೆಲಸದ ಭವ್ಯತೆಯೇ ಬೇರೆ. ಪುಣೆಯಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯವನ್ನು ನೋಡಿದವರಿಗೆ, ಒಂದು ಊರನ್ನೇ ನಿಲ್ಲಿಸುವುದಕ್ಕೆ ಸ್ಥಳವಿದ್ದರೆ ಏನಾಗುತ್ತದೆಂಬುದು ತಿಳಿಯುತ್ತದೆ. ಬಾಡಿಗೆದಾರನಿಗೆ ಅದು ಬೇಡವೆಂದಲ್ಲ. ಅವನಿಗೆ ಅದು ಸಿಕ್ಕುವುದಿಲ್ಲ.

ಆದರೂ ಗೋಡೆ ಸ್ವಂತದ್ದಾದ ಮಾತ್ರಕ್ಕೆ ಕೆಲಸ ಉಳಿಯುತ್ತದೆಂಬ ನಂಬಿಕೆಯನ್ನು ಒಂದು ಕಥೆ ಅಲುಗಿಸುತ್ತದೆ. ಈ ಹವ್ಯಾಸದ ಚರಿತ್ರೆಯಲ್ಲಿ ದೊಡ್ಡ ಹೆಸರು ಜಾನ್ ಅಲೆನ್ ಎಂಬುವನದು. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ಛಾಯಾಗ್ರಾಹಕ. ನೆಲದಿಂದ ಸೂರಿನವರೆಗೆ ಬೆಟ್ಟಗಳೇಳುವ ರೈಲುದಾರಿಯೊಂದನ್ನು ಸ್ವಂತ ಮನೆಯ ನೆಲಮಾಳಿಗೆಯಲ್ಲಿ ಸುಮಾರು ಇಪ್ಪತ್ತು ವರ್ಷ ಕಟ್ಟಿದ. ತಮಾಷೆಗೆ ಅದಕ್ಕೆ, ‘ರಕ್ತಸಿಕ್ತ ಮತ್ತು ಪರಾಜಿತ’ ಎಂಬ ಅರ್ಥ ಕಿವಿಗೆ ಬೀಳುವಂಥ ಹೆಸರಿಟ್ಟ: ‘ಗೋರಿ ಅಂಡ್ ಡಿಫೀಟೆಡ್’. ಅದರ ಚಿತ್ರಗಳನ್ನು ನೋಡಿ ಒಂದು ತಲೆಮಾರಿನ ಹವ್ಯಾಸಿಗಳು ದಾರಿ ಕಂಡುಕೊಂಡರು. 1973ರ ಜನವರಿಯಲ್ಲಿ ಅವನು ತೀರಿಕೊಂಡ. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ತಗುಲಿ ಆ ರೈಲುದಾರಿ ಹಾಳಾಗಿ ಹೋಯಿತು. ಆ ಕಥೆಯಲ್ಲಿ ನನ್ನ ಗಮನ ಸೆಳೆಯುವುದು ಮತ್ತೊಂದು ವಿವರ. ಆ ಮಹಾಕೃತಿಗೆ ಬೀಜವಾದದ್ದು ಅವನು ಅದಕ್ಕೆ ಮೊದಲು ಬೇರೊಂದು ಮನೆಯಲ್ಲಿ ಕಟ್ಟಿದ್ದ ಒಂದು ಚಿಕ್ಕ ಹಲಗೆ. ಹೊಸ ಮನೆಗೆ ಅದನ್ನು ತಂದು, ದೊಡ್ಡ ದಾರಿಯ ಒಂದು ಭಾಗವಾಗಿ ಸೇರಿಸಿಕೊಂಡಿದ್ದ. ದೊಡ್ಡದು ಹುಟ್ಟಿದ್ದು ಸಾಗಿಸಬಹುದಾದ ಚಿಕ್ಕದರಿಂದ.

ಇನ್ನೊಂದು ಕಡೆ ನೋಡಿದರೆ, ಇಂದು ಲೋಕದಲ್ಲಿ ಬಹಳ ದೊಡ್ಡದೆಂದು ಹೆಸರಾದ ಪುಟ್ಟ ರೈಲುಗಳ ಪ್ರದರ್ಶನ ಜರ್ಮನಿಯ ಹ್ಯಾಂಬರ್ಗಿನಲ್ಲಿದೆ. ಬ್ರೌನ್ ಎಂಬ ಅವಳಿ ಸೋದರರು ಮುಂದಾಗಿ 2001ರಲ್ಲಿ ತೆರೆದದ್ದು. ಅದಿರುವುದು ಹಳೆಯ ಬಂದರಿನ ಇಟ್ಟಿಗೆಯ ಗೋದಾಮಿನಲ್ಲಿ, ಬಾಡಿಗೆಗೆ! ಈ ಸಂಗತಿಯನ್ನು ನನ್ನಾಕೆಗೆ ಹೇಳಿದಾಗ ಆಕೆ, “ಮುಂಗಡ ಎಷ್ಟು ಕೊಟ್ಟಿದ್ದಾರಂತೆ?” ಎಂದು ಮಾತ್ರ ಕೇಳಿದಳು.

ಸ್ಥಿರ, ಚರ ಎಂದು ಆಸ್ತಿಯನ್ನು ಎರಡಾಗಿ ಮಾಡಿದೆ ನಮ್ಮ ಕಾಯಿದೆ. ಸ್ಥಾವರ, ಜಂಗಮ ಎಂಬ ಮಾತುಗಳನ್ನು ನಮ್ಮ ವಚನಕಾರರು ಬಹು ದೊಡ್ಡ ಅರ್ಥದಲ್ಲಿ ಬಳಸಿದರು. ಆಟದ ರೈಲಿಗೆ ಆ ಮಾತುಗಳನ್ನು ಎಳೆದು ತರುವುದು ಅಧಿಕಪ್ರಸಂಗವಾದೀತು. ನಾನು ಕಂಡುಕೊಂಡದ್ದು ಅದಕ್ಕಿಂತ ಬಹಳ ಸಣ್ಣದು. ನನ್ನದಲ್ಲದ ಗೋಡೆಗಳ ನಡುವೆ ನನ್ನದೆಂಬ ಒಂದು ಕೆಲಸ ಇರಬಹುದು. ಬಿಟ್ಟು ಹೋಗುವ ದಿನವನ್ನು ಮರೆತು ಮಾಡಿದರೆ ಅದು ಆ ದಿನ ಮುರಿಯುತ್ತದೆ, ನೆನಪಿಟ್ಟುಕೊಂಡು ಮಾಡಿದರೆ ಉಳಿಯುತ್ತದೆ. ಎಲ್ಲಿಯೂ ಬೇರೂರುವುದಿಲ್ಲವೆಂದು ಏನನ್ನೂ ಮಾಡದೆ ಕೂಡುವವರನ್ನು ನಾನು ಕಂಡಿದ್ದೇನೆ. ಸ್ವಂತ ಮನೆಯಾಗಲಿ, ಆಮೇಲೆ ವೀಣೆ. ನಿವೃತ್ತಿಯಾಗಲಿ, ಆಮೇಲೆ ಓದು ಎನ್ನುವವರು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ದೂರದ ಊರುಗಳಲ್ಲಿ ಒಂದೊಂದು ಕೋಣೆ ಹಿಡಿದು ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೆ: ರೈಲೇ 
ಆಗಬೇಕೆಂದಿಲ್ಲ, ಏನನ್ನಾದರೂ ಹಿಡಿಯಿರಿ, ಕಾಯಬೇಡಿ. ಬಾಗಿಲ ಅಗಲವನ್ನು ಮಾತ್ರ ಮೊದಲೇ ಅಳೆದುಕೊಳ್ಳಿ.

ನಮ್ಮ ಈಗಿನ ಕರಾರು ಬರುವ ಚೈತ್ರಕ್ಕೆ ಮುಗಿಯುತ್ತದೆ. ಯಜಮಾನರು ಮೊನ್ನೆ ಬಂದು ಕಾಫಿ ಕುಡಿದು ಹೋದರು. ಏನನ್ನೂ ಹೇಳಲಿಲ್ಲ, ಆದರೆ ಸುತ್ತಲೂ ನೋಡಿದರು. ರಾತ್ರಿ ಊಟವಾದ ಮೇಲೆ ನಾನು ಹಲಗೆಯನ್ನು ಬೀರುಗಳ ಮೇಲಿಟ್ಟು ಚೀಟಿ ಎತ್ತಿದೆ. ಮೂರು, ಎಂಟು, ಒಂದು, ಆರು, ನಾಲ್ಕು. ಎಂಟನೆಯ ಬಂಡಿ ಒಳಗಿನ ಸೈಡಿಂಗಿನಲ್ಲಿ ಕೊನೆಗೆ ಸಿಕ್ಕಿಕೊಂಡಿತ್ತು. ಅದನ್ನು ಹೊರಗೆ ತರುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಿ ನೋಡಿದೆ; ಸರಿಯಾಗಿ ಕೂತಿತು.